ಸರ್ವರ್‌ಗೆ ಜ್ವರ, ಗಿರಾಕಿಗೆ ಬರೆ!

‘ಸರ್ವರ್ ಡೌನ್, ನಾಳೆ ಬನ್ನಿ.’

ಈ ಮಾತು ಕೇಳದೆ ವಾಪಸ್ ಹೋದ ಪುಣ್ಯವಂತರು ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರು? ಬೆಳಗಿನ ಮೊದಲ ಬಸ್ಸು ಹಿಡಿದು, ದಿನದ ಕೂಲಿ ಬಿಟ್ಟು, ಒಡವೆ ಸಾಲ ತೀರಿಸಲು ಸೊಸೈಟಿಗೆ ಬಂದವನಿಗೂ ಇದೇ ಮಾತು. ಬಿಲ್ಲು ಕಟ್ಟಿ ರೋಗಿಯನ್ನು ಮನೆಗೆ ಕರಕೊಂಡು ಹೋಗಲು ನಿಂತ ಹೆಂಗಸಿಗೂ ಇದೇ ಮಾತು. ಸಗಟು ಮಳಿಗೆಗೆ ಸರಕಿಗೆಂದು ಬಂದ ಹಳ್ಳಿ ಅಂಗಡಿಯವನಿಗೂ ಇದೇ ಮಾತು. ಬಸ್ ಚಾರ್ಜು ಅವರದು, ಕೂಲಿ ನಷ್ಟ ಅವರದು. ಸಾಲದ ಬಡ್ಡಿ ಮಾತ್ರ ಯಾವತ್ತೂ ‘ಡೌನ್’ ಆಗುವುದಿಲ್ಲ!

ದೂರದ ಊರಿನಲ್ಲಿರುವ ಸರ್ವರ್ ಕೈಕೊಟ್ಟರೆ, ನೆಟ್ ಹೋದರೆ, ಕೌಂಟರಿನ ಗುಮಾಸ್ತ ಏನು ಮಾಡಿಯಾನು? ಆ ಮಾತು ಬೇರೆ. ಆದರೆ ಎಷ್ಟೋ ಸೊಸೈಟಿ, ನರ್ಸಿಂಗ್ ಹೋಂ, ಮಂಡಿಗಳಲ್ಲಿ ಸರ್ವರ್ ಇರುವುದು ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ. ಹಳೇ ಲೆಡ್ಜರ್ ಮೂಟೆ, ಪೊರಕೆ, ಮುರಿದ ಕುರ್ಚಿಗಳ ಮಧ್ಯೆ ಹತ್ತು ಹನ್ನೆರಡು ವರ್ಷದ ಒಂದು ಪೆಟ್ಟಿಗೆ. ಅದು ಹೇಳದೆ ಕೇಳದೆ ಆರಿಹೋಗುತ್ತದೆ. ಯಾರೋ ಹೋಗಿ ಗುಂಡಿ ಒತ್ತುತ್ತಾರೆ, ಏಳುತ್ತದೆ. ಮೂರು ದಿನ ಬಿಟ್ಟು ಮತ್ತೆ ಮಲಗುತ್ತದೆ. ಯಾಕೆ ಮಲಗಿತು ಎಂದು ಕೇಳುವವರೇ ಇಲ್ಲ.

ಕೇಳಿದರೆ ಉತ್ತರವೇನೋ ಸಿದ್ಧವಿದೆ. ‘ಕರೆಂಟ್ ಸರಿಯಿಲ್ಲ ಸಾರ್.’ ‘ವೈರಸ್ ಹೊಕ್ಕಿದೆ.’ ಯಾವುದೂ ಸಿಗದಿದ್ದರೆ ಕಸ ಗುಡಿಸುವ ಹೆಂಗಸು ಪ್ಲಗ್ ಕಿತ್ತಳು ಎಂದು ಆಕೆಯ ತಲೆ ಮೇಲೆ ಗೂಬೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಒಮ್ಮೆ ಹೊಸ ಯುಪಿಎಸ್, ಒಮ್ಮೆ ಫಾರ್ಮ್ಯಾಟ್, ಕೊನೆಗೆ ಹೊಸ ಯಂತ್ರ. ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ. ಧೂಳು ತುಂಬಿದ ಅದೇ ಕೋಣೆಗೆ, ಸತ್ತ ಬ್ಯಾಟರಿಯ ಅದೇ ಲೈನಿಗೆ ಹೊಸ ಯಂತ್ರ ತಂದಿಟ್ಟರೆ ಅದೂ ನಾಳೆ ಮಲಗುವುದೇ.

ಯಂತ್ರ ಸುಮ್ಮಸುಮ್ಮನೆ ಆರುವುದಿಲ್ಲ. ಮುಖ್ಯ ಕಾರಣಗಳು ಬೆರಳೆಣಿಕೆಯವು.

ಮೊದಲನೆಯದು ಬಿಸಿ. ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳಲ್ಲಿ ಧೂಳು ಕಟ್ಟಿ, ಫ್ಯಾನ್ ಸವೆದು, ನಡುವೆ ಹಚ್ಚಿದ ಪೇಸ್ಟ್ ಒಣಗಿದರೆ ಶಾಖ ಹೊರಗೆ ಹೋಗದು. 100 ಡಿಗ್ರಿ ಆಸುಪಾಸಿಗೆ ಬಂದಾಗ ಚಿಪ್ಪು ಮೊದಲು ನಿಧಾನವಾಗುತ್ತದೆ, ಇನ್ನೂ ಏರಿದರೆ ಜೀವ ಉಳಿಸಿಕೊಳ್ಳಲು ಯಂತ್ರ ತಾನೇ ಆರುತ್ತದೆ. ಸರ್ವರ್ ಕೋಣೆ 18ರಿಂದ 27 ಡಿಗ್ರಿಯೊಳಗೆ ಇರಬೇಕೆಂಬುದು ತಂತ್ರಜ್ಞರ ಶಿಫಾರಸು. ಏಪ್ರಿಲ್ ಬಿಸಿಲಿನಲ್ಲಿ ಕಿಟಕಿಯಿಲ್ಲದ ಕೋಣೆ ಹೇಗಿರುತ್ತದೆಂದು ಬೇರೆ ಹೇಳಬೇಕೆ?

ಎರಡನೆಯದು ಯುಪಿಎಸ್ ಬ್ಯಾಟರಿ. ಅದರ ಆಯುಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ. 25 ಡಿಗ್ರಿಯ ಮೇಲೆ ಸುಮಾರು ಹತ್ತು ಡಿಗ್ರಿ ಸೆಕೆ ಹೆಚ್ಚಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಹಸಿರು ದೀಪ ಉರಿಯುತ್ತಲೇ ಇದ್ದು, ಕರೆಂಟ್ ಒಂದು ಕ್ಷಣ ಮಿಣುಕಿದಾಗ ಕೈಯೆತ್ತಿಬಿಡುತ್ತದೆ.

ಮೂರನೆಯದು ಯಂತ್ರದೊಳಗಿನ ಪವರ್ ಸಪ್ಲೈ. ಸೀಲಿಂಗ್ ಫ್ಯಾನ್ ನಿಧಾನವಾದರೆ ಎಲೆಕ್ಟ್ರೀಷಿಯನ್ ಕೆಪಾಸಿಟರ್ ಬದಲಿಸುತ್ತಾನಲ್ಲ, ಅದರ ದೂರದ ನೆಂಟರು ಇಲ್ಲಿಯೂ ಇದ್ದಾರೆ. ವರ್ಷ ಕಳೆದಂತೆ ಒಣಗುತ್ತಾರೆ, ಕೆಲವರು ಹೊಟ್ಟೆ ಉಬ್ಬಿಸಿಕೊಳ್ಳುತ್ತಾರೆ. ಆಗ 12 ವೋಲ್ಟ್ ಲೈನು 11.4ಕ್ಕಿಂತ ಕೆಳಗೆ ಜಾರಿದರೆ ಯಂತ್ರ ಕೈಕೊಡುವ ಅಪಾಯ ಉಂಟು. ಮೆಮೊರಿ ಕೆಟ್ಟಿದ್ದರೆ ಲಕ್ಷಣವೇ ಬೇರೆ. ಆಗ ಸಾಮಾನ್ಯವಾಗಿ ಯಂತ್ರ ಆರುವುದಿಲ್ಲ. ನೀಲಿ ಪರದೆ ತೋರಿಸುತ್ತದೆ, ಇಲ್ಲವೇ ತಾನೇ ಮತ್ತೆ ಶುರುವಾಗುತ್ತದೆ.

ಇವುಗಳಲ್ಲಿ ಯಾವುದೆಂದು ಹಿಡಿಯಲು ದೊಡ್ಡ ಎಂಜಿನಿಯರೇ ಬೇಕಾಗಿಲ್ಲ. ಒಂದು ನೋಟ್‌ಬುಕ್ ಸಾಕು. ಆರಿದ ದಿನ, ಗಂಟೆ, ಕರೆಂಟ್ ಇತ್ತೇ, ಆಗ ಏನು ಕೆಲಸ ನಡೆದಿತ್ತು ಎಂದು ಪ್ರತಿ ಸಲ ಬರೆದಿಡಲಿ. ಮಧ್ಯಾಹ್ನದ ಬಿಸಿಲಿಗೇ ಆರುತ್ತಿದ್ದರೆ ಬಿಸಿಯ ಮೇಲೆ ಅನುಮಾನ. ಬೋರ್ ಮೋಟಾರ್ ಹಾಕಿದಾಗ ಆರಿದರೆ ಲೈನು, ಯುಪಿಎಸ್. ತಿಂಗಳ ಕೊನೆಯ ಬಡ್ಡಿ ಲೆಕ್ಕಕ್ಕೆ ಕುಸಿದರೆ ಪವರ್ ಸಪ್ಲೈ, ಇಲ್ಲವೇ ಮತ್ತೆ ಬಿಸಿ.

ಯಂತ್ರವೂ ತನ್ನ ದಿನಚರಿ ಬರೆಯುತ್ತದೆ. ವಿಂಡೋಸ್‌ನಲ್ಲಿ ಅದಕ್ಕೆ ‘ಇವೆಂಟ್ ವ್ಯೂವರ್’ ಎಂದು ಹೆಸರು. ಕ್ರಮವಾಗಿ ಆರಿಸಿದ್ದರೆ 1074ನೇ ಸಂಖ್ಯೆಯಡಿ ಯಾರು ಆರಿಸಿದರೆಂದು ಸಿಗುತ್ತದೆ. ದಿಢೀರ್ ಆರಿದ್ದರೆ ಮತ್ತೆ ಎದ್ದ ಮೇಲೆ 41, 6008 ಎಂಬ ಸಂಖ್ಯೆಗಳು ಕಾಣುತ್ತವೆ. ಪ್ಲಗ್ ಕಿತ್ತರೂ ಇವೇ, ಪವರ್ ಸಪ್ಲೈ ಸತ್ತರೂ ಇವೇ. ಆದ್ದರಿಂದಲೇ ನೋಟ್‌ಬುಕ್ ಬೇಕು. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಗಡಿಯಾರ ತಪ್ಪಿದ್ದರೆ, ಆ ದಿನಚರಿಯ ಹೊತ್ತನ್ನೂ ನಂಬುವಂತಿಲ್ಲ.

ಆಮೇಲೆ ಪರೀಕ್ಷೆ. ಎಲ್ಲಕ್ಕಿಂತ ಮೊದಲು ಲೆಕ್ಕಪತ್ರದ ಬ್ಯಾಕಪ್ ತೆಗೆದು ಬೇರೆ ಕಡೆ ಇಡಬೇಕು. ರಜೆಯ ದಿನ ಧೂಳು ತೆಗೆಸಬೇಕು. ಯುಪಿಎಸ್‌ಗೆ ಸರ್ವರ್ ಬದಲು 100 ವ್ಯಾಟಿನ ಎರಡು ಬಲ್ಬು ಹಾಕಿ, ಮೇನ್ಸ್ ತೆಗೆದು, ಎಷ್ಟು ನಿಮಿಷ ಉರಿಯುತ್ತವೆ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಇಂಜೆಕ್ಷನ್ ಒಟ್ಟಿಗೆ ಚುಚ್ಚಿದರೆ ಯಾವುದರಿಂದ ಗುಣವಾಯಿತೆಂದು ವೈದ್ಯರಿಗೂ ಗೊತ್ತಾಗದು.

ಹಾಗೆಂದು ಹಳೇ ಯಂತ್ರವನ್ನೇ ಕೊನೆತನಕ ಎಳೆಯಬೇಕೆಂದಲ್ಲ. ವಿಂಡೋಸ್ ಸರ್ವರ್ 2012ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. ಬದಲಿಸುವುದಾದರೆ ಬದಲಿಸಲಿ, ಆದರೆ ಕಾರಣ ತಿಳಿದು ಬದಲಿಸಲಿ.

ಆಡಳಿತ ಮಂಡಳಿಯವರು ವಾರ್ಷಿಕ ಸಭೆಯಲ್ಲಿ ಹಾರ ತುರಾಯಿಗೆ ದುಡ್ಡು ಹೊಂದಿಸುತ್ತಾರೆ. ಬ್ಯಾಟರಿಗೂ ಒಂದಿಷ್ಟು ಎತ್ತಿಡಲಿ. ಸರ್ವರ್ ಮಲಗಿದ ದಿನ ಕೈಬರಹದ ರಸೀದಿ ಕೊಟ್ಟು ಹಣ ಪಡೆಯಲಿ, ಅವತ್ತಿನ ಬಡ್ಡಿ ಬಿಡಲಿ. ಎಷ್ಟು ಹೊತ್ತಿಗೆ ಸರಿಹೋಗುತ್ತದೆಂದು ಬೋರ್ಡಿನಲ್ಲಿ ಬರೆಯಲಿ. ಸದಸ್ಯರೂ ಸಭೆಯಲ್ಲಿ ಎದ್ದು ನಿಂತು, ‘ಆ ನೋಟ್‌ಬುಕ್ ಎಲ್ಲಿ, ತೋರಿಸಿ ಸ್ವಾಮಿ’ ಎಂದು ಕೇಳಲಿ.

‘ಸರ್ವರ್ ಡೌನ್’ ಎಂಬುದು ರೋಗದ ಹೆಸರಷ್ಟೇ, ಉತ್ತರವಲ್ಲ. ನಾಳೆ ಬನ್ನಿ ಎನ್ನುವವರಿಗೆ ನಾಳೆಯೂ ಸಂಬಳವುಂಟು. ಬಸ್ಸಿಗೆ ಮತ್ತೆ ದುಡ್ಡು ಹೊಂದಿಸಬೇಕಾದವನು ಗಿರಾಕಿ.