ಎರಡು ಪರ್ಸೆಂಟ್ ನೆಂಟಸ್ತನ

ಕಳೆದ ದೀಪಾವಳಿಗೆ ಮುಲುಂಡಿನ ಗೆಳೆಯನೊಬ್ಬ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿದ. ಟ್ಯೂಬಿಗೆ ಎಂಜಲು ತುಂಬಿ ಕಳಿಸಿದ್ದನಂತೆ, ಡಿಎನ್‌ಎ ರಿಪೋರ್ಟ್ ಬಂದಿತ್ತು. ಅದರಲ್ಲೊಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದ: ನಿಯಾಂಡರ್ತಾಲ್ ಅಂಶ ಸುಮಾರು ಎರಡು ಪರ್ಸೆಂಟ್. ಕೆಳಗೆ, ‘ನಾನು ಒರಿಜಿನಲ್ ಕಾಡುಮನುಷ್ಯ ಕಣ್ರೋ!’ ಎಲ್ಲರೂ ನಕ್ಕೆವು. ಇಬ್ಬರು ಟೆಸ್ಟಿಗೆ ಎಷ್ಟಾಯಿತು ಅಂತ ಕೇಳಿದರು.

ಸಂಕ್ರಾಂತಿಯ ಹೊತ್ತಿಗೆ ಅದೇ ಗೆಳೆಯನಿಂದ ಇನ್ನೊಂದು ಮೆಸೇಜು ಬಂತು. ಅವನ ಇನ್ನೊಂದು ಫ್ಲ್ಯಾಟ್ ಖಾಲಿಯಾಗಿದೆ, ಬಾಡಿಗೆಗೆ ಯಾರಾದರೂ ಇದ್ದರೆ ಹೇಳಿ, ‘ನಮ್ಮ ಕಡೆಯವರೇ ಆದರೆ ಒಳ್ಳೆಯದು’. ಈ ‘ಕಡೆ’ ಅಂದರೆ ಜಿಲ್ಲೆಯಲ್ಲ ಅನ್ನುವುದು ಗ್ರೂಪಿನ ಎಲ್ಲರಿಗೂ ಗೊತ್ತಿತ್ತು. ಈ ಸಲ ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಲವತ್ತು ಸಾವಿರ ವರ್ಷದ ಹಿಂದೆ ಅಳಿದುಹೋದವನನ್ನು ನೆಂಟ ಎಂದು ಅಪ್ಪಿಕೊಳ್ಳುವ ನಮಗೆ ಪಕ್ಕದಲ್ಲಿ ಬದುಕಿರುವವನು ಯಾಕೆ ಪರಕೀಯ? ಉತ್ತರ ಹುಡುಕಬೇಕಾದರೆ ಮೊದಲು ಆ ಸತ್ತವನಿಗೆ ಮರ್ಯಾದೆ ಸಿಕ್ಕಿದ್ದು ಹೇಗೆಂದು ನೋಡಬೇಕು.

ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಆ ಮೂಳೆಗಳು ಸಿಕ್ಕಿದ್ದು 1856ರಲ್ಲಿ. 1864ರಲ್ಲಿ ಅದಕ್ಕೆ ಪ್ರತ್ಯೇಕ ಪ್ರಭೇದವೆಂದು ಹೆಸರಿಟ್ಟ ಐರ್ಲೆಂಡಿನ ಪ್ರೊಫೆಸರ್ ವಿಲಿಯಂ ಕಿಂಗ್, ಈ ಜೀವಿಯ ಯೋಚನೆ ಮೃಗದ ಮಟ್ಟ ದಾಟಿರಲಾರದು ಎಂದು ತಲೆಬುರುಡೆ ನೋಡಿಯೇ ತೀರ್ಮಾನಿಸಿದ. ಫ್ರಾನ್ಸಿನ ಲಾ ಶಾಪೆಲ್‌ನಲ್ಲಿ 1908ರಲ್ಲಿ ಸಿಕ್ಕ ಅಸ್ಥಿಪಂಜರ ನೋಡಿ ಮಾರ್ಸೆಲಿನ್ ಬೂಲ್, ಬೆನ್ನು ಬಾಗಿ ಕಾಲೆಳೆದು ನಡೆಯುವ ಮೊದ್ದನನ್ನು ಚಿತ್ರಿಸಿದ. 1957ರಲ್ಲಿ ಸ್ಟ್ರಾಸ್ ಮತ್ತು ಕೇವ್ ಎಂಬಿಬ್ಬರು ಅದೇ ಮೂಳೆಗಳನ್ನು ಮತ್ತೆ ನೋಡಿದಾಗ ಗೊತ್ತಾಯಿತು, ಪಾಪ, ಅವನಿಗೆ ಸಂಧಿವಾತ. ಸ್ನಾನ ಮಾಡಿಸಿ, ಗಡ್ಡ ತೆಗೆಸಿ, ಒಳ್ಳೆ ಬಟ್ಟೆ ಹಾಕಿಸಿ ನ್ಯೂಯಾರ್ಕಿನ ಸುರಂಗ ರೈಲಿಗೆ ಹತ್ತಿಸಿದರೆ ಯಾರೂ ತಿರುಗಿ ನೋಡಲಿಕ್ಕಿಲ್ಲ ಎಂದರು ಅವರು. ಅದೇ ಹೊತ್ತಿಗೆ ಇರಾಕಿನ ಶಾನಿದಾರ್ ಗುಹೆಯಲ್ಲಿ ಇನ್ನೊಬ್ಬ ಸಿಕ್ಕ. ಒಂದು ತೋಳು ಸೊರಗಿತ್ತು, ಒಂದು ಕಣ್ಣು ಬಹುಶಃ ಕಾಣುತ್ತಿರಲಿಲ್ಲ. ಆದರೂ ಅಂಥ ಗಾಯಗಳ ನಂತರ ಆತ ವರ್ಷಗಟ್ಟಲೆ ಬದುಕಿದ್ದ. ಯಾರೋ ನೋಡಿಕೊಂಡಿದ್ದರು ಅಂತಲೇ ಅರ್ಥ.

ಸಾಕ್ಷಿ ಇಷ್ಟಿದ್ದರೂ ಜನರ ಬಾಯಲ್ಲಿ ‘ನಿಯಾಂಡರ್ತಾಲ್’ ಬೈಗುಳವಾಗಿಯೇ ಉಳಿಯಿತು. ದೊಡ್ಡ ತಿರುವು ಬಂದಿದ್ದು 2010ರಲ್ಲಿ. ಸ್ವಾಂಟೆ ಪಾಬೊ ಅವರ ತಂಡ, ಆಫ್ರಿಕಾದ ಹೊರಗಿನ ಜನರ ಜೀನೋಮಿನಲ್ಲಿ ಒಂದರಿಂದ ನಾಲ್ಕು ಪರ್ಸೆಂಟ್ ಈ ‘ಮೃಗ’ದ್ದೇ ಎಂದು ತೋರಿಸಿತು. 2022ರಲ್ಲಿ ಪಾಬೊ ಅವರಿಗೆ ನೊಬೆಲ್ ಬಂತು. ಅಷ್ಟರಲ್ಲಿ ಮೃಗ ಹೋಗಿ ಕಲಾವಿದ ಬಂದಿದ್ದ, ಎಂಜಲು ಪರೀಕ್ಷೆಯ ಕಂಪನಿಗಳು ಅವನನ್ನು ಮಾರುತ್ತಿದ್ದವು.

ಇಲ್ಲೊಂದು ತಮಾಷೆಯಿದೆ. ‘ಶುದ್ಧ ರಕ್ತ’ದ ವಾದವನ್ನು ನೂರಾರು ವರ್ಷ ಆಫ್ರಿಕನ್ನರ ತಲೆಯ ಮೇಲೆ ಹೇರಲಾಗಿತ್ತು. ಆ ವಾದದ ಲೆಕ್ಕದಲ್ಲೇ 2010ರಲ್ಲಿ ಬೆರಕೆಯಿಲ್ಲದ ಮನುಷ್ಯ ಅಂತ ಉಳಿದವನು ಆಫ್ರಿಕನ್ನನೊಬ್ಬನೇ. ಆಗ ಏನಾಯಿತು? ಶುದ್ಧತೆಯ ಬೆಲೆ ಇಳಿದು ಬೆರಕೆಯೇ ಹೆಮ್ಮೆಯಾಯಿತು! 2020ರಲ್ಲಿ ಆಫ್ರಿಕನ್ನರಲ್ಲೂ ಅಲ್ಪಸ್ವಲ್ಪ ನಿಯಾಂಡರ್ತಾಲ್ ಅಂಶವಿದೆ ಎಂದು ಗೊತ್ತಾದದ್ದು ಬೇರೆ ಮಾತು. ಅಳತೆಗೋಲು ಯಾರ ಕೈಯಲ್ಲಿದೆಯೋ ಅವರಿಗೆ ಒಪ್ಪುವಂತೆ ಅಳತೆ ಬದಲಾಯಿತು ಅನ್ನುವುದಷ್ಟೇ ನನ್ನ ಮಾತು.

ನೆಂಟಸ್ತನ ಸಾಬೀತಾದರೆ ಮರ್ಯಾದೆ ತಾನಾಗಿ ಬರುತ್ತದೆ ಎನ್ನುವವರು ಮುಂಬಯಿಯದೇ ಒಂದು ಕಥೆ ಕೇಳಬೇಕು. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿಗೆ ಮೂಗಿನ ಹುಚ್ಚು. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬುದು ಅವನ ಸಿದ್ಧಾಂತ. ಬಾಂಬೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ 1932ರ ತಮ್ಮ ಪುಸ್ತಕದಲ್ಲಿ ಅಂಥ ಅಳತೆಗಳನ್ನು ಪ್ರಾಂತ್ಯವಾರು ಪರಿಶೀಲಿಸಿದರು. ಅಂಬೇಡ್ಕರ್ 1948ರ ‘ದಿ ಅನ್‌ಟಚೆಬಲ್ಸ್’ನಲ್ಲಿ ಘುರ್ಯೆಯವರ ಅಂಕಿಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವಲ್ಲ ಎಂದು ತೋರಿಸಿಕೊಟ್ಟರು. ಎದುರು ಪಕ್ಷದ ಅಳತೆಯಿಂದಲೇ ನೆಂಟಸ್ತನ ಸಾಬೀತಾಯಿತು. ಮರ್ಯಾದೆ ಬಂತೆ?

ಬರಲಿಲ್ಲ. ಯಾಕೆಂದರೆ ಕೊರತೆ ಇದ್ದದ್ದು ಪುರಾವೆಯದಲ್ಲ. ಸತ್ತವನನ್ನು ನೆಂಟನೆಂದು ಒಪ್ಪುವುದಕ್ಕೆ ಖರ್ಚಿಲ್ಲ. ಅವನು ಬಾಡಿಗೆಗೆ ಮನೆ ಕೇಳುವುದಿಲ್ಲ, ಹೆಣ್ಣು ಕೇಳುವುದಿಲ್ಲ, ನಮ್ಮ ಅಡುಗೆಮನೆಗೆ ಬರುವುದಿಲ್ಲ.

ಈ ಎರಡು ಪರ್ಸೆಂಟಿನಲ್ಲಿ ನಾವು ಜಂಬ ಕೊಚ್ಚದ ಭಾಗವೂ ಇದೆ. ಕೋವಿಡ್ ಬಂದವರಲ್ಲಿ ಕಾಯಿಲೆ ಉಲ್ಬಣಿಸುವ ಅಪಾಯ ಹೆಚ್ಚಿಸುವ ಒಂದು ಡಿಎನ್‌ಎ ತುಣುಕು ನಿಯಾಂಡರ್ತಾಲರಿಂದ ಬಂದದ್ದು ಎಂದು ಪಾಬೊ ಮತ್ತು ಹ್ಯೂಗೊ ಝೀಬರ್ಗ್ 2020ರಲ್ಲಿ ಬರೆದರು. ಯುರೋಪಿನಲ್ಲಿ ಅದು ಸುಮಾರು 16 ಪರ್ಸೆಂಟ್ ಜನರಲ್ಲಿದ್ದರೆ ದಕ್ಷಿಣ ಏಷ್ಯಾದಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿದೆ. ‘ನಮ್ಮ ಜೀನೇ ಹೀಗೆ’ ಎಂದು ಕೈಚೆಲ್ಲಲು ಒಳ್ಳೆಯ ನೆಪ. ಆದರೆ ಸೋಂಕು ಯಾರಿಗೆ ತಗಲಿತು? 2020ರ ಜುಲೈನಲ್ಲಿ ಮಹಾನಗರಪಾಲಿಕೆ, ಟಿಐಎಫ್‌ಆರ್ ಮೊದಲಾದವು ಸೇರಿ ಮಾಟುಂಗಾ, ಚೆಂಬೂರು, ದಹಿಸರ್ ಭಾಗದ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ಮಾಡಿಸಿದವು. ಸೋಂಕು ಬಂದುಹೋದ ಗುರುತು ಝೋಪಡಪಟ್ಟಿಗಳಲ್ಲಿ ನೂರಕ್ಕೆ 57 ಮಂದಿಯಲ್ಲಿ, ಉಳಿದ ಕಡೆ 16 ಮಂದಿಯಲ್ಲಿ. ಒಂದೇ ವಾರ್ಡು, ನಡುವೆ ಒಂದು ಕಾಂಪೌಂಡ್ ಗೋಡೆ. ಈ ಅಂತರ ಹುಟ್ಟಿದ್ದು ಜೀನಿನಿಂದಲ್ಲ, ಒಂದು ಖೋಲಿಯಲ್ಲಿ ಎಂಟು ಜನ ಮಲಗುವುದರಿಂದ, ಸಾರ್ವಜನಿಕ ಶೌಚಾಲಯದ ಕ್ಯೂನಿಂದ.

ಅಂದರೆ ಈ ಊರಲ್ಲಿ ಆರೋಗ್ಯ ನಿಂತಿರುವುದು ಎಂಥ ಮನೆ ಸಿಗುತ್ತದೆ ಅನ್ನುವುದರ ಮೇಲೆ. ಎಂಥ ಮನೆ ಸಿಗುತ್ತದೆ ಅನ್ನುವುದು ಬರೀ ದುಡ್ಡಿನ ಮೇಲಲ್ಲ, ಅಡ್ಡಹೆಸರಿನ ಮೇಲೂ. ‘ಇದು ಜಾತಿಯಲ್ಲ, ಊಟದ ಪದ್ಧತಿ ಅಷ್ಟೇ’ ಎನ್ನುವ ಮಾತು ನಾವೆಲ್ಲ ಕೇಳಿದ್ದೇವೆ, ಕೆಲವರು ಹೇಳಿಯೂ ಇದ್ದೇವೆ. ಹಾಗಿದ್ದರೆ ಬ್ರೋಕರ್ ಮೊದಲು ಊಟದ ವಿಷಯ ಕೇಳಬೇಕಿತ್ತು. ಅವನು ಕೇಳುವುದು ‘ಪೂರಾ ನಾಮ್’.

ಮದುವೆಯ ಮಾತಂತೂ ಬೇಡ. ನಮ್ಮ ಪೂರ್ವಿಕರು ಬೇರೆ ಬಗೆಯ ಮನುಷ್ಯರೊಂದಿಗೇ ಸಂಸಾರ ಮಾಡಿದವರು. ಭಾರತದೊಳಗೂ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಜನ ಧಾರಾಳವಾಗಿ ಬೆರೆತರು, ಆಮೇಲೆ ಬಾಗಿಲು ಹಾಕಿಕೊಂಡರು ಎಂದು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ನಡೆಸಿದ 2013ರ ಅಧ್ಯಯನ ಹೇಳಿತು. ಬಾಗಿಲು ಹಾಕಿದ್ದಕ್ಕೆ ಬೆಲೆಯೂ ತೆತ್ತಿದ್ದೇವೆ. ಒಳಗೊಳಗೇ ಮದುವೆಯಾಗುತ್ತ ಬಂದ ಸಮುದಾಯಗಳಲ್ಲಿ ಅಪರೂಪದ ಆನುವಂಶಿಕ ಕಾಯಿಲೆಗಳು ಗಟ್ಟಿಯಾಗಿ ಉಳಿದಿವೆ. ಹೀಗಿದ್ದೂ ಮ್ಯಾಟ್ರಿಮನಿ ಸೈಟಿನಲ್ಲಿ ನಾವು ತುಂಬುವ ಮೊದಲ ಕಾಲಂ ಉಪಪಂಗಡ.

ಆ ನಿಯಾಂಡರ್ತಾಲನನ್ನು ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ಲಿಗೆ ಹತ್ತಿಸಿ. ಇಲ್ಲೂ ಯಾರೂ ತಿರುಗಿ ನೋಡಲಿಕ್ಕಿಲ್ಲ, ತಿರುಗಲು ಜಾಗವೆಲ್ಲಿದೆ? ‘ಸರಕೋ ಭಾಯ್’ ಅಂತ ಒಳಗೆ ತಳ್ಳಿ ನಿಲ್ಲಿಸಿಕೊಂಡಾರು. ಕಷ್ಟ ಶುರುವಾಗುವುದು ಅವನು ರೈಲಿಳಿದು ಮನೆ ಹುಡುಕಲು ಹೊರಟಾಗ. ಅಲ್ಲಿ ಅವನಿಗೆ ನೊಬೆಲ್ ಪಡೆದ ಸಾಕ್ಷಿಯೂ ಸಾಲುವುದಿಲ್ಲ.

ವಲಸೆ ಬಂದ ನಮ್ಮನ್ನು ಈ ಊರು ಒಂದು ಕಾಲಕ್ಕೆ ‘ಮದ್ರಾಸಿ’ ಎಂದು ಓಡಿಸಲು ನೋಡಿತ್ತು. ಆ ನೆನಪು ಇನ್ನೂ ಇರುವವರು ‘ನಮ್ಮ ಕಡೆಯವರೇ ಆದರೆ ಒಳ್ಳೆಯದು’ ಎಂದು ಬರೆಯುವಾಗ ಕೈ ನಡುಗಬೇಕು. ನಡುಗದಿದ್ದರೆ ಬೇರೆಯವರಾದರೂ ಕೇಳಬೇಕು. ಅಂದು ನಾನು ಕೇಳಲಿಲ್ಲ. ಇದು ಪ್ರಕಟವಾದ ದಿನ ಲಿಂಕನ್ನು ಅದೇ ಗ್ರೂಪಿಗೆ ಹಾಕುತ್ತೇನೆ. ಆ ಫ್ಲ್ಯಾಟ್ ಇನ್ನೂ ಖಾಲಿಯಿದೆಯಂತೆ.