ಸಹಿಗೆ ಮುನ್ನ ಓದು: ವ್ಯಾಲೆಟ್ ಸುರಕ್ಷತೆಯ ಪಾಠ ಹೇಗಿರಬೇಕು?

ಡಿಜಿಟಲ್ ಸುರಕ್ಷತೆ ಕುರಿತು ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠ ಯೋಜನೆಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಒಟಿಪಿ, ಪಿನ್ ಯಾರಿಗೂ ಹೇಳಬೇಡಿ.’ ಮಾತು ಸರಿ, ಆದರೆ ಅಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ. ಕ್ರಿಪ್ಟೊ ವ್ಯಾಲೆಟ್‌ನಲ್ಲಿ ಗುಟ್ಟನ್ನು ಯಾರಿಗೂ ಹೇಳದೆಯೂ ಹಣ ಕಳೆದುಕೊಳ್ಳಬಹುದು. ಬೆಂಗಳೂರಿನ ಫೋನಿನಲ್ಲಿ ತೆರೆಯುವ ಪುಟವೇ ಹಡಗಲಿ ತಾಲ್ಲೂಕಿನ ಮಾಗಳದ ಫೋನಿನಲ್ಲೂ ತೆರೆಯುತ್ತದೆ. ಹಾಗಾಗಿ ಇದು ನಗರದ ಶಾಲೆಗಳ ವಿಷಯ ಮಾತ್ರವಲ್ಲ.

ವಿಕೇಂದ್ರೀಕೃತ ಆ್ಯಪ್ ಒಂದಕ್ಕೆ ವ್ಯಾಲೆಟ್ ಜೋಡಿಸುವಾಗ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದು ‘ಕನೆಕ್ಟ್’: ಆ್ಯಪ್‌ಗೆ ನಮ್ಮ ವಿಳಾಸ ಕಾಣುತ್ತದೆ, ಅಷ್ಟರಿಂದಲೇ ಹಣ ಹೋಗದು. ಎರಡನೆಯದು ‘ಸೈನ್’: ಈ ವ್ಯಾಲೆಟ್ ನನ್ನದೆಂದು ರುಜುವಾತುಪಡಿಸಲು ಸಹಿ ಹಾಕುವುದು. ಕೆಲವು ಸಹಿಗಳು ಟೋಕನ್ ಸಾಗಿಸುವ ಒಪ್ಪಿಗೆಯೂ ಆಗಿರುತ್ತವೆ. ಮೂರನೆಯದು ‘ಅಪ್ರೂವ್’: ನಮ್ಮ ಟೋಕನ್‌ಗಳನ್ನು ಇಷ್ಟರವರೆಗೆ ತೆಗೆಯಬಹುದೆಂದು ಆ್ಯಪ್‌ನ ಕರಾರಿಗೆ ಅಧಿಕಾರ ಕೊಡುವುದು. ಎಷ್ಟೋ ಸಲ ಆ ಮಿತಿ ‘ಅನಿಯಮಿತ’ ಎಂದೇ ಇರುತ್ತದೆ. ‘ಡಿಸ್‌ಕನೆಕ್ಟ್’ ಒತ್ತಿದರೆ ಈ ಅಧಿಕಾರ ರದ್ದಾಗದು. ಅದನ್ನು ಬೇರೆಯಾಗಿಯೇ, ಶುಲ್ಕ ತೆತ್ತು ಹಿಂಪಡೆಯಬೇಕು.

ನಮ್ಮ ಮಕ್ಕಳ ಪೂರ್ವಜ್ಞಾನದಲ್ಲಿ ಇದಕ್ಕೆ ತಕ್ಕ ಹೋಲಿಕೆಯಿದೆ: ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು. ಅಲ್ಲಿಂದ ಪಾಠ ಆರಂಭಿಸಿದರೆ ತಾಂತ್ರಿಕ ಪದಗಳು ತಾವೇ ಹಿಂದೆ ಬರುತ್ತವೆ.

ಓದದೆ ಹಾಕಿದ ಸಹಿಯ ಅಪಾಯಕ್ಕೆ ಭಾರತದ್ದೇ ಉದಾಹರಣೆಯಿದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಪರದೆಯ ಮೇಲೆ ಕಂಡದ್ದೇ ಬೇರೆ, ಸಹಿ ಬಿದ್ದದ್ದೇ ಬೇರೆ ಎಂದು ಆ ಕಂಪನಿಯೇ ವಿವರಿಸಿತು. ಹಲವರು ಸಹಿ ಹಾಕಬೇಕಿದ್ದ ವ್ಯಾಲೆಟ್‌ನ ಗತಿಯೇ ಹೀಗಾದರೆ, ಒಬ್ಬನೇ ಬೆರಳು ಒತ್ತುವ ಫೋನಿನ ಮಾತೇನು?

‘ಇದನ್ನು ಕಲಿಸಿದರೆ ಕ್ರಿಪ್ಟೊಗೆ ಪ್ರಚಾರ ಕೊಟ್ಟಂತಲ್ಲವೇ?’ ಎಂದು ಕೆಲವು ಬೋಧಕ ಮಿತ್ರರು ಕೇಳಬಹುದು. ಹಾಗಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ, ವ್ಯಾಲೆಟ್‌ಗೆ ಅದಿಲ್ಲ. 2022ರಿಂದ ಲಾಭಕ್ಕೆ ಶೇ 30 ತೆರಿಗೆ ಬಂದ ಮಾತ್ರಕ್ಕೆ ಸರ್ಕಾರದ ಭರವಸೆ ಸಿಕ್ಕಿತೆಂದೂ ಅರ್ಥವಲ್ಲ. ಇದನ್ನೂ ಪಾಠದಲ್ಲೇ ಹೇಳಬೇಕು.

ಜೊತೆಗೆ ನಾಲ್ಕು ರೂಢಿಗಳನ್ನು ಕಲಿಸೋಣ. 12 ಅಥವಾ 24 ಪದಗಳ ಗುಪ್ತ ವಾಕ್ಯವನ್ನು ಯಾವ ಆ್ಯಪ್ ಕೇಳಿದರೂ ಅದು ಮೋಸವೆಂದೇ ತಿಳಿಯುವುದು. ಯಾರೋ ಕಳಿಸಿದ ಲಿಂಕ್ ಬಿಟ್ಟು ವಿಳಾಸವನ್ನು ತಾನೇ ಪರಿಶೀಲಿಸಿ ತೆರೆಯುವುದು. ಹೊಸ ಆ್ಯಪ್‌ಗಳಿಗೆ ಅಲ್ಪ ಮೊತ್ತದ ಬೇರೆ ವ್ಯಾಲೆಟ್ ಇಟ್ಟುಕೊಳ್ಳುವುದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡುವುದು.

ಮೌಲ್ಯಮಾಪನವೂ ಬದಲಾಗಲಿ. ‘ಸರಿಯೋ ತಪ್ಪೋ’ ಪ್ರಶ್ನೆ ಬಿಟ್ಟು, ಒಂದು ಒಪ್ಪಿಗೆ ಕೋರಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಕೇಳೋಣ: ಯಾರಿಗೆ, ಏನನ್ನು, ಎಷ್ಟು ಕೊಡುತ್ತಿದ್ದೀಯ? ಈ ಮೂರಕ್ಕೂ ಉತ್ತರ ಹೇಳಲಾಗದ ವಿದ್ಯಾರ್ಥಿ ‘ರಿಜೆಕ್ಟ್’ ಒತ್ತಿದರೆ, ಅವನಿಗೆ ಪೂರ್ಣ ಅಂಕ ಕೊಡಬೇಕು.