ಕೂರಿಗೆಗೆ ಇರುವ ಅಳತೆ ಗರಗಸಕ್ಕೂ ಇರಲಿ

ತೇರದಾಳದ ಸುತ್ತಲಿನ ಹಳ್ಳಿಗಳಲ್ಲಿ ಬಿತ್ತಿಗೆಯ ಮೊದಲು ಕೂರಿಗೆಯನ್ನು ಬಡಿಗೇರರ ಮನೆಗೆ ಒಯ್ಯುವುದು ಹಳೆಯ ರೂಢಿ. ತಾಳಿನಿಂದ ತಾಳಿಗೆ ಅಂತರ ಅಳೆಯದೆ ಬಡಿಗ ಅದನ್ನು ಹಿಂದಿರುಗಿಸುವುದಿಲ್ಲ. ಸಾಲು ಸೊಟ್ಟ ಬಿದ್ದರೆ ತಿಂಗಳ ನಂತರ ಎಡೆ ಹೊಡೆಯುವಾಗ ಕುಂಟೆಯ ಕುಡ ಕಳೆಯ ಬದಲು ಬೆಳೆಯನ್ನೇ ಕತ್ತರಿಸುತ್ತದೆ ಎಂಬುದು ಕೊಟ್ಟವನಿಗೂ ಗೊತ್ತು, ಕೊಂಡವನಿಗೂ ಗೊತ್ತು. ಈಗ ಅದೇ ಮನೆಯಂಗಳದ ತಗಡಿನ ಶೆಡ್ಡಿನಲ್ಲಿ ಕಬ್ಬಿಣದ ಟೇಬಲ್ಲಿನ ನಡುವೆ ಗರಗಸದ ಚಕ್ರ ತಿರುಗುತ್ತಿದೆ. ಒಂದು ತುದಿಗೆ ಬ್ಲೇಡು, ಇನ್ನೊಂದು ತುದಿಗೆ ರಂಧಾ, ಕೆಳಗೆ ಮೋಟರು, ಬೆಲ್ಟು. ಬಾಗಿಲ ಚೌಕಟ್ಟು, ಕಿಟಕಿ, ಮಂಚ ಎಲ್ಲವೂ ಅದರ ಮೇಲೆಯೇ ಕೊಯ್ದು ಹೊರಬರುತ್ತವೆ. ಆದರೆ ಕೂರಿಗೆಗೆ ಹಿಡಿಯುವ ಅಳತೆಗೋಲನ್ನು ಈ ಚಕ್ರಕ್ಕೆ ಹಿಡಿಯುವ ವಾಡಿಕೆ ಇನ್ನೂ ಬೇರೂರಿಲ್ಲ. ಬ್ಲೇಡು ಮೊಂಡಾದರೆ ಸಾಣೆಗೆ ಕೊಡುತ್ತಾರೆ, ಬೆಲ್ಟು ಸಡಿಲವಾದರೆ ಬಿಗಿಮಾಡುತ್ತಾರೆ. ಬ್ಲೇಡು ನೇರ ನಿಂತಿದೆಯೇ ಎಂದು ಮಾತ್ರ ಕೇಳುವುದಿಲ್ಲ. ಮನೆಯ ಕಾರ್ಯಾಗಾರದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ವಾದ.

ಈ ಯಂತ್ರದಲ್ಲಿ ಕಟ್ಟಿಗೆಗೆ ದಾರಿ ತೋರುವುದು ಪಕ್ಕದ ಗೈಡ್ ಪಟ್ಟಿ. ಹಲಗೆಯ ಅಂಚನ್ನು ಅದಕ್ಕೆ ಒತ್ತಿ ಮುಂದೆ ತಳ್ಳುತ್ತೇವೆ. ಬ್ಲೇಡೂ ಪಟ್ಟಿಯೂ ಸಮಾಂತರವಾಗಿದ್ದರೆ ಮುಂದಿನ ಹಲ್ಲುಗಳು ಕೊಯ್ಯುತ್ತವೆ, ಹಿಂದಿನವು ಕೊಯ್ದ ಸಂದಿನಲ್ಲಿ ಏನನ್ನೂ ಮುಟ್ಟದೆ ಮೇಲೇಳುತ್ತವೆ. ಪಟ್ಟಿಯ ಹಿಂತುದಿ ಬ್ಲೇಡಿನ ಕಡೆಗೆ ಸ್ವಲ್ಪ ವಾಲಿದರೂ ಸಂದು ಕಿರಿದಾಗುತ್ತಾ ಹೋಗುತ್ತದೆ, ಹಲಗೆ ನಡುವೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಹಲ್ಲು ಕಟ್ಟಿಗೆಯನ್ನು ಟೇಬಲ್ಲಿಗೆ ಒತ್ತಿದರೆ, ಹಿಂದೆ ಮೇಲೇಳುವ ಹಲ್ಲು ಅದನ್ನು ಎತ್ತಿ ನಿಂತವನ ಕಡೆಗೇ ಎಸೆಯುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುವುದು, ನಮ್ಮ ಮಾತಿನಲ್ಲಿ ಕಟ್ಟಿಗೆ ಒದೆಯುವುದು. ನಿಮಿಷಕ್ಕೆ 2,880 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಲೆಕ್ಕ ಹಾಕಿ ನೋಡಿ. ಹಲ್ಲಿನ ತುದಿ ಸೆಕೆಂಡಿಗೆ 38 ಮೀಟರ್, ಅಂದರೆ ಗಂಟೆಗೆ ಸುಮಾರು 138 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹಲಗೆ ಹಾರುವುದನ್ನು ಕಣ್ಣು ಕಾಣುವಷ್ಟರಲ್ಲಿ ಅದು ಹೊಟ್ಟೆಗೋ ಎದೆಗೋ ಬಡಿದಾಗಿರುತ್ತದೆ. ಹಲಗೆಯನ್ನು ಹಿಡಿದಿದ್ದ ಕೈ ಆಸರೆ ತಪ್ಪಿ ಬ್ಲೇಡಿನ ಮೇಲೆ ಬಿದ್ದರೆ ಇನ್ನೂ ಘೋರ.

ರಬಕವಿ-ಬನಹಟ್ಟಿಯ ನೇಕಾರರಿಗೆ ಇದು ಹೊಸ ವಿಷಯವಲ್ಲ. ವಿದ್ಯುತ್ ಮಗ್ಗದಲ್ಲಿ ಲಾಳಿ ಓಡುವುದು ಹಣಿಗೆಯ ಬೆನ್ನಿಗೆ ತಾಗಿಕೊಂಡು. ಎರಡು ತುದಿಯ ಪೆಟ್ಟಿಗೆಗಳ ಹಿಂಬದಿಯೂ ಹಣಿಗೆಯೂ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಲಾಳಿ ದಾರಿ ತಪ್ಪಿ ಮಗ್ಗದಿಂದ ಹೊರಕ್ಕೆ ಹಾರಬಹುದು. ಹಾಗೆ ಹಾರಿದರೆ ಲಾಳಿಯನ್ನು ಬೈದು ಯಾರೂ ಸುಮ್ಮನಾಗುವುದಿಲ್ಲ. ಮಗ್ಗ ನಿಲ್ಲಿಸಿ ಗೆರೆ ನೋಡುತ್ತಾರೆ. ಗರಗಸದ ಮುಂದೆ ನಾವು ಮಾಡುವುದು ತದ್ವಿರುದ್ಧ. ಕೊಯ್ದ ಅಂಚು ಕಪ್ಪಾದರೆ ಕಟ್ಟಿಗೆ ಹಸಿ ಎನ್ನುತ್ತೇವೆ, ತಳ್ಳಲು ಬಿಗಿಯಾದರೆ ಜಾಲಿ ಗಟ್ಟಿ ಎನ್ನುತ್ತೇವೆ, ಇನ್ನಷ್ಟು ಬಲ ಹಾಕುತ್ತೇವೆ. ನಿಜ, ಹಸಿ ಕಟ್ಟಿಗೆಯೂ ಮೊಂಡು ಹಲ್ಲೂ ಅಂಚನ್ನು ಸುಡುತ್ತವೆ. ಆದರೆ ಕೊಯ್ದ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದೇ ಸಾಕ್ಷಿ ಹೇಳುತ್ತದೆ. ಬ್ಲೇಡು ನೇರವಿದ್ದಾಗ ಹಲ್ಲಿನ ಗೀರುಗಳು ಒಂದೇ ಕಡೆಗೆ ಬಾಗಿದ ಕಮಾನುಗಳಂತೆ ಕಾಣುತ್ತವೆ. ಆ ಗೀರುಗಳ ಮೇಲೆ ಎದುರು ದಿಕ್ಕಿನ ಕಮಾನುಗಳು ಆಳವಾಗಿ ಮೂಡಿ ಜಾಳಿಗೆಯಂತೆ ಕಂಡರೆ ಹಿಂದಿನ ಹಲ್ಲೂ ಉಜ್ಜುತ್ತಿದೆ ಎಂದೇ ಅರ್ಥ.

ಪರೀಕ್ಷೆಗೆ ಬೇಕಾದದ್ದು ಹತ್ತು ನಿಮಿಷ, ಒಂದು ಗುಣ್ಯಾ, ಮತ್ತು ನಿಮ್ಮ ಕೈಯಲ್ಲಿರುವ ಈ ಪತ್ರಿಕೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಬ್ಲೇಡನ್ನು ಪೂರ್ತಿ ಮೇಲೆತ್ತಿ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಆ ಹಲ್ಲನ್ನು ಮುಂದಕ್ಕೆ ತಂದು, ಟೇಬಲ್ಲಿನಲ್ಲಿ ಉದ್ದಕ್ಕೆ ಕೊರೆದ ಜಾಡಿನಿಂದ ಅದಕ್ಕೆ ಎಷ್ಟು ದೂರವೆಂದು ನೋಡಿ. ಜಾಡಿಗೆ ಸರಿಯಾಗಿ ಕೂರುವ ಒಂದು ರಿಪೀಸಿಗೆ ಸ್ಕ್ರೂ ಹಾಕಿ, ಅದರ ತುದಿ ಹಲ್ಲಿಗೆ ಕಿರ್ ಎಂದು ತಾಗುವಂತೆ ಮಾಡಿಕೊಂಡರೆ ಸಾಕು. ಈಗ ಚಕ್ರವನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ಯಿರಿ, ರಿಪೀಸನ್ನೂ ಸರಿಸಿ. ಅದೇ ಹಲ್ಲು ಏಕೆಂದರೆ, ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಓಲಾಟವೂ ಅಳತೆಯೊಳಗೆ ಬೆರೆತುಬಿಡುತ್ತದೆ. ಹಿಂದೆ ಸಂದು ಬಿಟ್ಟರೆ ಅದರಲ್ಲಿ ಪತ್ರಿಕೆಯ ಹಾಳೆ ತೂರಿಸಿ ನೋಡಿ. ಒಂದು ಪದರದ ದಪ್ಪ ಸುಮಾರು 0.07 ಮಿಲಿಮೀಟರ್. ಒಂದು ಪದರ ಬಿಗಿಯಾಗಿ ಹೋದರೆ ಚಿಂತೆಯಿಲ್ಲ, ಎರಡು ಸಲೀಸಾಗಿ ಹೋದರೆ ಸರಿಪಡಿಸಲೇಬೇಕು. ಸಂದಿನ ಬದಲು ಸ್ಕ್ರೂ ಹಲ್ಲಿಗೆ ಅಡ್ಡ ಬಂದರೆ ಅದೂ ಸೊಟ್ಟವೇ. ಆಗ ಸ್ಕ್ರೂವನ್ನು ಹಿಂದೆ ಹೊಂದಿಸಿ ಮುಂದೆ ಸಂದು ನೋಡಿ. ಇನ್ನೂ ನಿಖರ ಬೇಕೆಂದರೆ ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಇದ್ದೇ ಇದೆ. ಆಮೇಲೆ ಗೈಡ್ ಪಟ್ಟಿಯನ್ನು ಅದೇ ಜಾಡಿಗೆ ಸಮ ಮಾಡಿ. ಅದರ ಹಿಂತುದಿ ಬ್ಲೇಡಿನಿಂದ ಕೂದಲೆಳೆಯಷ್ಟು ದೂರವಿದ್ದರೆ ನಡೆದೀತು, ಹತ್ತಿರ ಮಾತ್ರ ಬರಬಾರದು. ಬ್ಲೇಡು ಟೇಬಲ್ಲಿಗೆ 90 ಡಿಗ್ರಿ ನಿಂತಿದೆಯೇ ಎಂದು ತಿಳಿಯಲು ಒಂದು ಹಲಗೆ ಅಡ್ಡ ಕೊಯ್ದು, ಒಂದು ತುಂಡನ್ನು ಮಗುಚಿ ಕೊಯ್ದ ಮೈಗಳನ್ನು ಕೂಡಿಸಿ. ಕಾಣುವ ಸಂದು ನಿಜವಾದ ತಪ್ಪಿನ ಇಮ್ಮಡಿ, ಹಾಗಾಗಿ ಗುಣ್ಯಾದ ಕಣ್ಣಿಗೆ ತಪ್ಪಿದ್ದೂ ಇಲ್ಲಿ ಸಿಗುತ್ತದೆ.

ಅನುಭವದ ಕೈಗೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಆ ಕೈಯ ಬಗ್ಗೆ ನನಗೆ ಅಪಾರ ಗೌರವವಿದೆ. ಬಾಚಿ, ಉಳಿ ಹಿಡಿದಾಗ ಕಟ್ಟಿಗೆಯ ನಾರು ಓಡುವ ದಿಕ್ಕನ್ನು ಆ ಕೈ ತಾನಾಗಿ ಅರಿಯುತ್ತದೆ. ಕೈಗರಗಸ ಸೊಟ್ಟ ಹೊರಟರೆ ಮಣಿಕಟ್ಟು ತಿದ್ದುತ್ತದೆ. ಯಂತ್ರದ ಮೇಲೆ ಆ ತಿದ್ದುವಿಕೆಯೇ ಅಪಾಯ. ಸೊಟ್ಟ ಬ್ಲೇಡಿಗೆ ಒಗ್ಗಿದ ಕೈ ಹಲಗೆಯನ್ನು ಪಕ್ಕಕ್ಕೆ ಒತ್ತಿ ತಳ್ಳಲು ಕಲಿತುಬಿಡುತ್ತದೆ, ಆ ಒತ್ತಡ ಬೀಳುವುದು ಬ್ಲೇಡಿನ ಅತಿ ಸಮೀಪದಲ್ಲಿ. ಅನುಭವ ತಪ್ಪನ್ನು ಮರೆಮಾಡುತ್ತದೆ, ಕಳೆಯುವುದಿಲ್ಲ. ಅದೇ ಯಂತ್ರದ ಮುಂದೆ ನಾಳೆ ಮಗ ನಿಂತರೆ ಅವನಿಗೆ ಆ ಒಗ್ಗಿದ ಕೈ ಇರುವುದಿಲ್ಲ.

ಇಲ್ಲೇ ಕಟ್ಟಿಸಿದ ಯಂತ್ರಕ್ಕೆ ಕೂದಲೆಳೆಯ ಲೆಕ್ಕ ಸಲ್ಲದು ಎಂಬ ಮಾತು ಇನ್ನೂ ಗಟ್ಟಿಯದು. ಆಂಗಲ್ ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿದ ಟೇಬಲ್ಲು ಕಾರ್ಖಾನೆಯ ಬೀಡು ಕಬ್ಬಿಣದಷ್ಟು ಸ್ಥಿರವಲ್ಲ, ಎಷ್ಟೋ ಕಡೆ ಜಾಡೂ ಇರುವುದಿಲ್ಲ. ಆದರೆ ಅಲುಗಾಡುವ ಯಂತ್ರವನ್ನೇ ಹೆಚ್ಚು ಸಲ ಅಳೆಯಬೇಕಲ್ಲವೇ? ಜಾಡಿಲ್ಲದಿದ್ದರೆ ಗೈಡ್ ಪಟ್ಟಿಯಿಂದಲೇ ಗುರುತಿನ ಹಲ್ಲಿಗೆ ಮುಂದೆ, ಹಿಂದೆ ಅಳೆದರಾಯಿತು. ಶಾಫ್ಟಿನ ಬೇರಿಂಗುಗಳ ಬೋಲ್ಟು ಸಡಿಲಿಸಿ ಒಂದು ತುದಿಯನ್ನು ಸ್ವಲ್ಪ ಸರಿಸಿದರೆ ಬ್ಲೇಡು ತಿರುಗುತ್ತದೆ. ಬೇರಿಂಗಿನ ಕೆಳಗೆ ತಗಡಿನ ಚೂರು ಕೊಟ್ಟರೆ ವಾಲಿದ್ದು ನೆಟ್ಟಗಾಗುತ್ತದೆ. ಬೋಲ್ಟು ಬಿಗಿದ ಮೇಲೆ ಮತ್ತೊಮ್ಮೆ ಅಳೆಯುವುದನ್ನು ಮರೆಯಬಾರದು, ಬಿಗಿಯುವಾಗಲೇ ಅದು ಜರುಗುವುದು ಹೆಚ್ಚು. ಕಟ್ಟಿಗೆಯೇ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುವಾಗ ಇಷ್ಟು ಸೂಕ್ಷ್ಮ ಯಾತಕ್ಕೆ ಎಂಬ ಪ್ರಶ್ನೆಗೂ ಉತ್ತರವಿದೆ. ಬಾಗಿಲು ಆಮೇಲೆ ಎಷ್ಟು ಉಬ್ಬುತ್ತದೆ ಎಂಬುದು ಬೇರೆ ಮಾತು. ಕೊಯ್ಯುವ ಆ ಕೆಲವು ಕ್ಷಣ ಹಲಗೆ ಸಿಕ್ಕಿಕೊಳ್ಳದಿರಲಿ ಎಂಬುದಕ್ಕೆ ಈ ಲೆಕ್ಕ. ಮೇಲಾಗಿ ಗೈಡ್ ಪಟ್ಟಿ ಕಟ್ಟಿಗೆಯದೇ ಆಗಿದ್ದರೆ ಋತುವಿನೊಂದಿಗೆ ಅದೂ ಡೊಂಕಾಗುತ್ತದೆ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ 2015ರ ಅಂದಾಜಿನಂತೆ ಆ ದೇಶದಲ್ಲಿ ಒಂದೇ ವರ್ಷ ಸುಮಾರು 30 ಸಾವಿರ ಸಲ ಟೇಬಲ್ ಗರಗಸದ ಬ್ಲೇಡು ತಾಗಿದ ಗಾಯಕ್ಕೆ ತುರ್ತು ಚಿಕಿತ್ಸೆ ಕೊಡಬೇಕಾಯಿತು. ಎಲ್ಲಕ್ಕೂ ಸೊಟ್ಟ ಬ್ಲೇಡೇ ಕಾರಣವಲ್ಲ. ಮುಚ್ಚಳ ತೆಗೆದಿಟ್ಟದ್ದು, ಬ್ಲೇಡಿನ ಹಿಂದೆ ಸಂದನ್ನು ತೆರೆದಿಡುವ ರೈವಿಂಗ್ ನೈಫ್ ಎಂಬ ಪಟ್ಟಿ ಇಲ್ಲದಿದ್ದದ್ದು, ಆಯಾಸ ಹೀಗೆ ಕಾರಣಗಳು ಹಲವು. ಆ ರಕ್ಷಣೆಗಳೂ ಬೇಕೇ ಬೇಕು. ಆದರೆ ಬ್ಲೇಡೇ ವಾರೆಯಾಗಿದ್ದರೆ ಹಿಂದಿನ ಪಟ್ಟಿಗೂ ಹಲಗೆ ಅಡಚುತ್ತದೆ, ತೊಂದರೆ ಕೊಡುತ್ತದೆಂದು ಆ ಪಟ್ಟಿಯನ್ನೇ ಕಿತ್ತೆಸೆಯುತ್ತಾರೆ. ಅದಕ್ಕಾಗಿಯೇ ನೇರ ಮೊದಲು, ರಕ್ಷಣೆ ಅದರ ಬೆನ್ನಿಗೆ.

ಇದನ್ನು ಯಾರು ಕಲಿಸಬೇಕು? 1948ರ ಕಾರ್ಖಾನೆ ಕಾಯ್ದೆ ಯಂತ್ರಗಳಿಗೆ ತಡೆ ಕಟ್ಟುವುದನ್ನು ಕಡ್ಡಾಯ ಮಾಡಿತು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಕೆಲಸಗಾರರಿದ್ದರೆ ಮಾತ್ರ ಅದನ್ನು ಕಾರ್ಖಾನೆ ಎಂದು ಎಣಿಸಿತು. ಅಪ್ಪ ಮಗ ಇಬ್ಬರೇ ದುಡಿಯುವ ಶೆಡ್ಡಿಗೆ ಅಂಥ ಕಾಯ್ದೆಯ ಇನ್ಸ್‌ಪೆಕ್ಟರು ಬರುವುದಿಲ್ಲ. ಅಲ್ಲಿಗೆ ತಲುಪಬಲ್ಲದ್ದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಬಡಿಗತನವೂ ಒಂದು. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, 40 ಗಂಟೆಯ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ ಅದರಲ್ಲಿವೆ. ದಿನದ ಕೂಲಿ ಬಿಟ್ಟು ಬಂದವನಿಗೆ ಆ ಭತ್ಯೆ ಸಿಗುವ ಹೊತ್ತೇ ಇದಕ್ಕೆ ತಕ್ಕ ಸಮಯ. ಆ 40 ಗಂಟೆಗಳಲ್ಲಿ ಎರಡನ್ನು ಬ್ಲೇಡಿನ ನೇರಕ್ಕೆ ಮೀಸಲಿಡಲಿ. ಅದನ್ನೂ ಹೊಳೆಯುವ ಹೊಸ ಯಂತ್ರದ ಮೇಲೆ ತೋರಿಸದೆ, ಜಮಖಂಡಿ, ಮುಧೋಳ, ತೇರದಾಳದ ಶೆಡ್ಡುಗಳಲ್ಲಿರುವಂಥ ಬೆಸುಗೆಯ ಟೇಬಲ್ಲಿನ ಮೇಲೆಯೇ ತೋರಿಸಲಿ. ಐಟಿಐಗಳ ಫಿಟ್ಟರ್ ವಿಭಾಗದಲ್ಲಿ ಡಯಲ್ ಗೇಜ್ ಹಿಡಿಯಲು ಕಲಿಸುತ್ತಾರೆ. ಅಲ್ಲಿನ ಹುಡುಗರು ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿ ಕಳೆದು ಹವೆ ಒಣಗಿದ ಮೇಲೊಮ್ಮೆ, ಗೇಜು ಹಿಡಿದು ಊರಿನ ಬಡಿಗೇರರ ಓಣಿಗೆ ಬರುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ.